ಕುಚ್ಚಲಕ್ಕಿ ಬೇಯಿಸಲು ಬಿಸಿಲು ಸಾಕೇ, ಗ್ಯಾಸೇ ಬೇಕೇ?

(ಕಾಸರಗೋಡಿನ ಐದು ಊರಿನವರ ಮಾತುಕತೆ; ಮಾತಾಡಿದವರನ್ನು ಊರ ಹೆಸರಿನಿಂದಲೇ ಗುರುತಿಸಿದೆ.)

ಬದಿಯಡ್ಕ: ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಅಡಿಕೆ ಅಂಗಳದಲ್ಲಿ ಬಿಸಿಲಿಗೆ ಬರವಿಲ್ಲ. 14.2 ಕಿಲೋದ ಒಂದು ಸಿಲಿಂಡರ್ ಉರಿದು ಮುಗಿದರೆ ಸುಮಾರು 42 ಕಿಲೋ ಇಂಗಾಲದ ಡೈಆಕ್ಸೈಡ್. ದೇಶಕ್ಕೆ ಬೇಕಾದ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದಲೇ ಬರುತ್ತದೆ. ಗಾಜಿನ ಮುಚ್ಚಳ, ಬಿಸಿಲು ಒಳಗೆ ಬೀಳಿಸುವ ಕನ್ನಡಿ ಇರುವ ಸೋಲಾರ್ ಪೆಟ್ಟಿಗೆ ಇಟ್ಟು ಗ್ಯಾಸ್ ಬಿಡಬಾರದೇ?

ಕುಂಬಳೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನು ಮಾಡುತ್ತೀರಿ ಮಾರಾಯ್ರೆ? ದೋಸೆ, ಒಗ್ಗರಣೆ ಅಂತೂ ಪೆಟ್ಟಿಗೆಯಲ್ಲಿ ಆಗದು. ಲೆಕ್ಕ ನೋಡಿ: 50×50 ಸೆಂ.ಮೀ. ಗಾಜಿನ ಮೇಲೆ ಒಳ್ಳೆಯ ಬಿಸಿಲಲ್ಲಿ 200 ವ್ಯಾಟ್ ಬೀಳುತ್ತದೆ, ಪಾತ್ರೆಗೆ ಸಿಗುವುದು ಅದರ ಅರ್ಧ. ಅರ್ಧ ಕಿಲೋ ಅಕ್ಕಿ, ಒಂದೂವರೆ ಲೀಟರ್ ನೀರು ಕುದಿಗೆ ಬರಲು ಒಂದೂವರೆ ಗಂಟೆ. ಬೇಯುವುದು ಆಮೇಲೆ.

ಮುಳ್ಳೇರಿಯ: ಲೆಕ್ಕ ಸರಿ. ಅದಕ್ಕೇ ಅಕ್ಕಿ ರಾತ್ರಿಯೇ ನೆನೆಹಾಕಬೇಕು, 9.30ಕ್ಕೆ ಇಟ್ಟರೆ 12.30ಕ್ಕೆ ಅನ್ನ. ತೆಳಿ (ಗಂಜಿನೀರು) ಬಸಿಯುವಷ್ಟು ನೀರು ಹಾಕಿದರೆ ಆ ನೀರು ಕಾಯುವುದಕ್ಕೇ ಹೊತ್ತು ಹೋಗುತ್ತದೆ. ಪಾತ್ರೆ, ಮುಚ್ಚಳ ಎರಡಕ್ಕೂ ಹೊಳಪಿಲ್ಲದ ಕಪ್ಪು ಬಣ್ಣ ಇರಲಿ. ನಡುವೆ ತೆರೆದು ನೋಡುವ ಚಟ ಬೇಡ, ಕಾದ ಗಾಳಿ ಪೂರಾ ಹೊರಗೆ. ಎರಡು ಗಾಜುಗಳ ನಡುವೆ ಹಬೆ ಕಟ್ಟಿದರೆ ರಬ್ಬರ್ ಪಟ್ಟಿ ಸಡಿಲವಾಗಿದೆ ಎಂದೇ ಅರ್ಥ. ಗುಡ್ಡದ ಬುಡದ ತೋಟದ ಮನೆಗಳಿಗೆ ಮಾತ್ರ ಬಿಸಿಲು ತಡವಾಗಿ ಬರುತ್ತದೆ, ಅಲ್ಲಿ ಇದು ಕಷ್ಟ.

ಮಂಜೇಶ್ವರ: ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಕನ್ನಡಿಯ ಹಿಂದಿನ ಲೇಪ ಅಂಚಿನಿಂದಲೇ ಎದ್ದುಬರುತ್ತದೆ. ಅಂಚಿಗೆ ಬಣ್ಣ ಬಳಿಯದಿದ್ದರೆ ಪೆಟ್ಟಿಗೆಯ ಆಯುಸ್ಸು ಅಷ್ಟಕ್ಕಷ್ಟೆ. ದೊಡ್ಡ ಬಾಣಲೆ ಆಕಾರದ ಸೋಲಾರ್ ಒಲೆಯಲ್ಲಿ ಹುರಿಯಲೂಬಹುದು, ಆದರೆ 15–20 ನಿಮಿಷಕ್ಕೊಮ್ಮೆ ಸೂರ್ಯನ ಕಡೆ ತಿರುಗಿಸಬೇಕು. ಮೋಡ ಕವಿದರೆ ಕೆಲಸ ಬಂದ್.

ಪೆರ್ಲ: ನೀವೆಲ್ಲ ಒಲೆ ಬದಲಿಸುವ ಮಾತಾಡುತ್ತಿದ್ದೀರಿ, ಗ್ಯಾಸ್ ಹೋಗುವುದೆಲ್ಲಿ ಎಂದು ಮೊದಲು ನೋಡಿ. 4 ಲೀಟರ್ ನೀರು ಕುದಿಗೆ ಬರಲು 40 ಗ್ರಾಂ ಗ್ಯಾಸ್ ಸಾಕು. ಮುಂದಿನ ಮುಕ್ಕಾಲು ಗಂಟೆಯ ಸಣ್ಣ ಉರಿಯೇ ದುಂದು. ಹತ್ತು ನಿಮಿಷ ಕುದಿಸಿ, ಮುಚ್ಚಳ ತೆಗೆಯದೆ ಶಾಖ ಹಿಡಿಯುವ ಡಬ್ಬಿಗೆ ಇಳಿಸಿದರೆ ಒಂದೂವರೆ ಗಂಟೆಯಲ್ಲಿ ಕುಚ್ಚಲಕ್ಕಿ ಬೆಂದಿರುತ್ತದೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲೂ!

ಕುಂಬಳೆ: ಪಾತ್ರೆ ಮುಕ್ಕಾಲು ತುಂಬಿರಬೇಕು ಎಂದೂ ಸೇರಿಸಿ. ಇಬ್ಬರಿಗೆ ಅಂತ ಒಂದು ಹಿಡಿ ಅಕ್ಕಿ ಹಾಕಿದರೆ ಬೇಗ ತಣಿದು ಅರೆಬೆಂದೇ ಉಳಿಯುತ್ತದೆ.

ಬದಿಯಡ್ಕ: ಹಾಗಾದರೆ ಬೇಸಗೆಗೆ ಪೆಟ್ಟಿಗೆ, ಮಳೆಗೆ ಡಬ್ಬಿ. ಬಚ್ಚಲ ಹಂಡೆಗೆ ತೆಂಗಿನ ಗೆರಟೆ ಹೇಗೂ ಇದೆ.