ಕರುಳಿನ ಕ್ಯಾನ್ಸರ್‌ಗೆ ಕೀಹೋಲ್ ಆಪರೇಷನ್, ಪೂರ್ತಿ ಹೋಗುತ್ತಾ?

ಪ್ರಶ್ನೆ:
ಅಮ್ಮನಿಗೆ 61 ವರ್ಷ, ಕೊಲೊನೋಸ್ಕೋಪಿ ಮಾಡ್ಸಿದಾಗ ದೊಡ್ಡ ಕರುಳಲ್ಲಿ ಗಡ್ಡೆ ಸಿಕ್ತು, ಬಯಾಪ್ಸಿಲಿ ಕ್ಯಾನ್ಸರ್ ಅಂತಾನೇ ಬಂತು, ಸ್ಕ್ಯಾನ್ ನೋಡಿ ಮೊದಲನೇ ಸ್ಟೇಜ್ ಇರ್ಬೇಕು ಎಲ್ಲೂ ಹರಡಿಲ್ಲ ಅಂದ್ರು ಡಾಕ್ಟ್ರು. ಲ್ಯಾಪ್ರೊಸ್ಕೋಪಿಲಿ, ಅಂದ್ರೆ ಸಣ್ಣ ತೂತು ಹಾಕಿ ಮಾಡೋ ಕೀಹೋಲ್ ಆಪರೇಷನ್ನಲ್ಲಿ ತೆಗೀತೀವಿ ಅಂತಿದ್ದಾರೆ. ನಂಗೆ ಒಂದೇ ಭಯ, ಹೊಟ್ಟೆ ತೆಗೆದು ನೋಡಿದಷ್ಟು ಸರಿಯಾಗಿ ಸಣ್ಣ ತೂತಲ್ಲಿ ಕಾಣುತ್ತಾ, ಒಳಗೆ ಚೂರು ಉಳ್ಕೊಂಡು ಮತ್ತೆ ಬಂದ್ರೆ? ದೊಡ್ಡಪ್ಪ ಬೇರೆ ಓಪನ್ನೇ ಮಾಡ್ಸು ಅಂತ ದಿನಾ ಫೋನ್ ಮಾಡ್ತಾರೆ.

ಉತ್ತರ 1:
ಈ ಭಯ 90ರ ದಶಕದಲ್ಲಿ ಸರ್ಜನ್‌ಗಳಿಗೇ ಇತ್ತು ರೀ, ತೂತು ಹಾಕಿದ ಜಾಗದಲ್ಲೇ ಕ್ಯಾನ್ಸರ್ ಹುಟ್ಕೊಂಡ ಕೇಸ್‌ಗಳು ಆಗ ಬಂದಿದ್ವು. ಅದಕ್ಕೇ ಅಮೆರಿಕದಲ್ಲಿ 872 ಜನರನ್ನ ಎರಡು ಗುಂಪು ಮಾಡಿ ಹೋಲಿಸಿ ನೋಡಿದ್ರು, 2004ರಲ್ಲಿ ರಿಸಲ್ಟ್ ಬಂತು, ಮೂರು ವರ್ಷದಲ್ಲಿ ಮತ್ತೆ ಬಂದಿದ್ದು ಕೀಹೋಲ್‌ನವ್ರಲ್ಲಿ ಶೇ 16, ಓಪನ್‌ನವ್ರಲ್ಲಿ ಶೇ 18. ಗಾಯದ ಜಾಗದಲ್ಲಿ ಬಂದಿದ್ದು ಎರಡರಲ್ಲೂ ಶೇ 1ಕ್ಕಿಂತ ಕಮ್ಮಿ. ಅದರಲ್ಲಿ ಮುಂದಿನ ಸ್ಟೇಜ್‌ನವ್ರೂ ಇದ್ರು, ಮೊದಲ ಸ್ಟೇಜಲ್ಲಿ ಇನ್ನೂ ಕಮ್ಮಿ, ಆ 16 ನೋಡಿ ಹೆದರ್ಕೋಬೇಡಿ. ಒಳಗೆ ಮಾಡೋ ಕೆಲ್ಸ ಎರಡರಲ್ಲೂ ಒಂದೇ, ಗಡ್ಡೆ ಇರೋ ಕರುಳಿನ ಭಾಗ, ಅದರ ರಕ್ತನಾಳ, ಲಿಂಫ್ ನೋಡ್ (ಕ್ಯಾನ್ಸರ್ ಹರಡಿದೆಯಾ ಅಂತ ನೋಡೋ ಸಣ್ಣ ಗ್ರಂಥಿಗಳು) ಎಲ್ಲಾ ಒಟ್ಟಿಗೇ ತೆಗೀತಾರೆ. ಆಪರೇಷನ್ ಆದ್ಮೇಲೆ ಬರೋ ರಿಪೋರ್ಟಲ್ಲಿ ಕನಿಷ್ಠ 12 ನೋಡ್ ಪರೀಕ್ಷೆ ಮಾಡಿದ್ದಾರಾ ಅಂತ ತಪ್ಪದೆ ನೋಡಿ.

ಉತ್ತರ 2:
ನಮ್ಮ ತಂದೆಯವ್ರಿಗೆ ಆಗಿ ಐದು ವರ್ಷ ಆಯ್ತು, ಚೆನ್ನಾಗಿದ್ದಾರೆ. ಮಾರನೇ ದಿನಾನೇ ಎಬ್ಬಿಸಿ ನಡೆಸಿದ್ರು. ಹೊಟ್ಟೆ ಮೇಲೆ ನಾಲ್ಕು ಸಣ್ಣ ಗುರುತು, ಹೊಕ್ಕಳ ಹತ್ರ ಮಾತ್ರ ಸ್ವಲ್ಪ ಉದ್ದ ಗಾಯ, ಕತ್ತರಿಸಿದ ಕರುಳು ಹೊರಗೆ ಬರ್ಬೇಕಲ್ಲ. ಅವ್ರು ಹೊಟ್ಟೆಗಿಂತ ಭುಜ ನೋವು ಅಂತಾನೇ ಒದ್ದಾಡಿದ್ರು, ಒಳಗೆ ಗ್ಯಾಸ್ ತುಂಬಿರ್ತಾರೆ ಅದರಿಂದ, ಎರಡು ದಿನಕ್ಕೆ ಹೋಯ್ತು. ಆದ್ರೆ ಕರುಳು ಜೋಡಿಸಿದ ಕಡೆ ಲೀಕ್ ಆಗೋ ಅಪಾಯ ಇದರಲ್ಲೂ ಇದೆ, ಮನೆಗೆ ಬಂದ್ಮೇಲೆ ಜ್ವರ ಬಂದ್ರೆ, ಹೊಟ್ಟೆ ಉಬ್ಬಿದ್ರೆ, ಬೆಳಗಾಗ್ಲಿ ಅಂತ ಕಾಯ್ಬೇಡಿ.

ಉತ್ತರ 3:
ಗಡ್ಡೆ ಎಲ್ಲಿದೆ ಅಂತ ಹೇಳಿಲ್ಲ ನೀವು. ಮೇಲೆ ಹೇಳಿದ್ದೆಲ್ಲ ದೊಡ್ಡ ಕರುಳಿಗೆ, ಗುದನಾಳ ಆದ್ರೆ ಜಾಗ ಇಕ್ಕಟ್ಟು, 2015ರಲ್ಲಿ ಬಂದ ಎರಡು ಟ್ರಯಲ್‌ನಲ್ಲಿ ಓಪನ್‌ಗೆ ಸಮ ಅಂತ ಸಾಬೀತಾಗ್ಲಿಲ್ಲ, ಅದೇ ವರ್ಷ ಯುರೋಪಿನ ಇನ್ನೊಂದರಲ್ಲಿ ಎರಡೂ ಒಂದೇ ಅಂತ ಬಂತು. ಅಲ್ಲಿ ಸರ್ಜನ್ ಕೈ ಎಷ್ಟು ಪಳಗಿದೆ ಅನ್ನೋದೇ ಮುಖ್ಯ. ಇನ್ನೊಂದು, ಮಧ್ಯದಲ್ಲಿ ಓಪನ್ ಮಾಡ್ಬೇಕಾಯ್ತು ಅಂದ್ರೆ ಗಾಬರಿ ಆಗ್ಬೇಡಿ, ಆ 2004ರ ಸ್ಟಡಿಲೂ ಐದರಲ್ಲಿ ಒಬ್ರಿಗೆ ಹಾಗೆ ಮಾಡಿದ್ರು.

ಪ್ರಶ್ನೆ ಕೇಳಿದವರು:
ಬಲಗಡೆ ದೊಡ್ಡ ಕರುಳು ಅಂತಿದೆ ರಿಪೋರ್ಟಲ್ಲಿ. 12 ನೋಡ್ ಬರ್ಕೊಂಡೆ. ದೊಡ್ಡಪ್ಪಂಗೆ ಇವತ್ತು ರಾತ್ರಿನೇ ಇದನ್ನೆಲ್ಲ ಓದಿ ಹೇಳ್ತೀನಿ.