ಒಂದೇ ಲ್ಯಾಪ್‌ಟಾಪ್‌ನಿಂದ ಮೂರು ಎಲ್‌ಇಡಿ ವಾಲ್, ಎರಡು ಪ್ರೊಜೆಕ್ಟರ್: ಔಟ್‌ಪುಟ್ ಹೇಗೆ ಹಂಚುವುದು?

ಕತ್ತಲೆಕೋಣೆ:

ನೃತ್ಯರೂಪಕಕ್ಕೆ ಲೈವ್ ವಿಶುವಲ್ಸ್, ಒಳಾಂಗಣ. ವೇದಿಕೆಯ ಹಿಂದೆ ಪಿ3.9 (ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ 3.9 ಮಿ.ಮೀ.) ಎಲ್‌ಇಡಿ: ನಡುವೆ 5 ಮೀ × 3 ಮೀ, ಎಡಬಲಕ್ಕೆ 1 ಮೀ × 3 ಮೀ ಒಂದೊಂದು. ಜೊತೆಗೆ ಮೇಲಿನಿಂದ ನೆಲಕ್ಕೆ ಎರಡು 1080ಪಿ ಪ್ರೊಜೆಕ್ಟರ್, ನಡುವೆ ಬ್ಲೆಂಡ್ (ಎರಡರ ಅಂಚು ಒಂದರ ಮೇಲೊಂದು ಬೆರೆಯುವುದು). ವಿಂಡೋಸ್ 11 ಲ್ಯಾಪ್‌ಟಾಪ್, ಎನ್‌ವಿಡಿಯಾ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್, ಒಂದು ಎಚ್‌ಡಿಎಂಐ, ಒಂದು ಯುಎಸ್‌ಬಿ-ಸಿ. ಸಾಫ್ಟ್‌ವೇರ್ ರೆಸೊಲ್ಯೂಮ್ ಅರೀನಾ 7. ಪರದೆ ಐದು, ಪೋರ್ಟ್ ಎರಡು. ಮಿಕ್ಕ ಮೂರಕ್ಕೆ ಯುಎಸ್‌ಬಿ ಡಿಸ್‌ಪ್ಲೇ ಅಡಾಪ್ಟರ್ ಹಾಕಿದರೆ ನಡೆಯುತ್ತಾ? ನಾವು ಕೂರುವ ಕನ್ಸೋಲ್‌ನಿಂದ ವೇದಿಕೆಗೆ 30 ಮೀಟರ್ ದೂರ.

ಪಿಕ್ಸೆಲ್‌ಲೆಕ್ಕ:

ಎರಡು ಪೋರ್ಟ್ ಸಾಕು. ಮೊದಲು ಪಿಕ್ಸೆಲ್ ಲೆಕ್ಕ ಹಾಕಿ.

ಪಿ3.9ರಲ್ಲಿ 500 ಮಿ.ಮೀ. ಚೌಕದ ಕ್ಯಾಬಿನೆಟ್‌ಗೆ (ವಾಲ್ ಕಟ್ಟುವ ಒಂದೊಂದು ಫಲಕ) 128 × 128 ಪಿಕ್ಸೆಲ್. ನಿಮ್ಮ ನಡುವಿನ ವಾಲ್ 10 × 6 ಕ್ಯಾಬಿನೆಟ್, ಅಂದರೆ 1280 × 768. ಪಕ್ಕದವು 2 × 6, ತಲಾ 256 × 768. ಮೂರನ್ನೂ ಸಾಲಾಗಿ ಜೋಡಿಸಿದರೆ 1792 × 768. ಒಂದು 1920 × 1080 ಸಿಗ್ನಲ್‌ನೊಳಗೆ ಆರಾಮಾಗಿ ಕೂರುತ್ತದೆ. ಮೂರು ವಾಲ್‌ಗೂ ಒಂದೇ ಎಚ್‌ಡಿಎಂಐ, ಒಂದೇ ಎಲ್‌ಇಡಿ ಪ್ರೊಸೆಸರ್ (ಸಿಗ್ನಲ್ ತೆಗೆದುಕೊಂಡು ವಾಲ್‌ಗಳಿಗೆ ಹಂಚುವ ಪೆಟ್ಟಿಗೆ).

ಇನ್ನು ಪ್ರೊಸೆಸರ್‌ನ ಪೋರ್ಟ್. ನೋವಾಸ್ಟಾರ್ ಕಂಪನಿಯ ಮಾದರಿಯ ಪ್ರೊಸೆಸರ್‌ಗಳಲ್ಲಿ 8 ಬಿಟ್, 60 ಹರ್ಟ್ಸ್‌ಗೆ ಒಂದು ಗಿಗಾಬಿಟ್ ಪೋರ್ಟ್ ಸುಮಾರು 6,50,000 ಪಿಕ್ಸೆಲ್ ಹೊರುತ್ತದೆ. ನಡುವಿನ ವಾಲ್ 9,83,040 ಆಗುವುದರಿಂದ ಅದಕ್ಕೆ ಎರಡು ಪೋರ್ಟ್, ಒಂದೊಂದಕ್ಕೆ ಐದು ಕಾಲಮ್. ಪಕ್ಕದ ಎರಡಕ್ಕೆ ಒಂದೊಂದು. ನಾಲ್ಕು ಪೋರ್ಟ್‌ನ ಪ್ರೊಸೆಸರ್ ಇಲ್ಲಿಗೇ ತುಂಬಿತು, ಬ್ಯಾಕಪ್ ಲೂಪ್‌ಗೆ (ಕೇಬಲ್ ಕಳಚಿದರೆ ಇನ್ನೊಂದು ತುದಿಯಿಂದ ಸಿಗ್ನಲ್ ಕೊಡುವ ದಾರಿ) ಜಾಗ ಉಳಿಯಲ್ಲ. ನಾಲ್ಕಕ್ಕೂ ಬ್ಯಾಕಪ್ ಬೇಕಿದ್ದರೆ ಎಂಟು ಪೋರ್ಟ್ ಬೇಕು. ಅದು ಸಿಗದಿದ್ದರೆ ಎಡದ ವಾಲ್‌ನಿಂದ ಬಲದ ವಾಲ್‌ಗೆ ಉದ್ದದ ಕ್ಯಾಟ್6 ಎಳೆದು ಎರಡನ್ನೂ ಒಂದೇ ಪೋರ್ಟ್‌ಗೆ ಹಾಕಿ, ಆಗ ಬ್ಯಾಕಪ್ ಸೇರಿ ಆರು ಪೋರ್ಟ್ ಸಾಕು. ಸಿಗ್ನಲ್‌ನಲ್ಲಿ ಆ ಎರಡರ ಚಿತ್ರವನ್ನೂ ಅಕ್ಕಪಕ್ಕ ಇಟ್ಟರೆ ಒಟ್ಟು 3,93,216, ಮಿತಿಯೊಳಗೇ ಇದೆ.

ಪ್ರೊಸೆಸರ್‌ನಲ್ಲಿ ಸ್ಕೇಲಿಂಗ್ ಆಫ್ ಇರಲೇಬೇಕು. ಆನ್ ಇದ್ದರೆ ಇಡೀ 1920 × 1080 ಚಿತ್ರವನ್ನು ವಾಲ್‌ಗಳ ಅಳತೆಗೆ ಕುಗ್ಗಿಸಿಬಿಡುತ್ತದೆ. ಅಂಚುಗಳು ಮಸುಕಾಗುತ್ತವೆ, ಪಕ್ಕದ ವಾಲ್‌ನ ಚಿತ್ರ ನಡುವಿನದಕ್ಕೆ ನುಗ್ಗುತ್ತದೆ. ಒಂದು ಪಿಕ್ಸೆಲ್ ದಪ್ಪದ ಗೆರೆಗಳ ಗ್ರಿಡ್ ಕಳಿಸಿ ನೋಡಿ. ಗೆರೆ ಎಲ್ಲಾದರೂ ದಪ್ಪವಾಗಿ ಅಥವಾ ಮಂಕಾಗಿ ಕಂಡರೆ ಎಲ್ಲೋ ಸ್ಕೇಲ್ ಆಗ್ತಿದೆ ಅಂತಲೇ ಅರ್ಥ.

30 ಮೀಟರ್‌ಗೆ ಎಚ್‌ಡಿಎಂಐ ಎಳೆಯಬೇಡಿ. ಪ್ರೊಸೆಸರ್ ಕನ್ಸೋಲ್ ಪಕ್ಕದಲ್ಲೇ ಇರಲಿ, ಲ್ಯಾಪ್‌ಟಾಪ್‌ನಿಂದ ಅದಕ್ಕೆ 2 ಮೀಟರ್ ಕೇಬಲ್. ಅಲ್ಲಿಂದ ವಾಲ್‌ಗೆ ಹೋಗುವುದು ಕ್ಯಾಟ್6, ಅದು 100 ಮೀಟರ್‌ವರೆಗೂ ತೊಂದರೆ ಕೊಡಲ್ಲ.

ಧಾರವಾಡದ_ತಂತಿ:

ಮ್ಯಾಲಿನ ಲೆಕ್ಕ ಬರೋಬ್ಬರಿ ಅದ. ಪ್ರೊಜೆಕ್ಟರ್ ಕಡೆ ನಾ ಹೇಳ್ತೀನಿ.

ಯುಎಸ್‌ಬಿ ಡಿಸ್‌ಪ್ಲೇ ಅಡಾಪ್ಟರ್ ಬ್ಯಾಡ್ರಿ. ಅದು ಚಿತ್ರಾನ ಲ್ಯಾಪ್‌ಟಾಪಿನ ಸಿಪಿಯು ಮ್ಯಾಲೆ ಕಂಪ್ರೆಸ್ ಮಾಡಿ ಯುಎಸ್‌ಬಿ ಡೇಟಾದೊಳಗ ಕಳಸ್ತದ. ಪಿಪಿಟಿ ತೋರ್ಸಾಕ ಅಡ್ಡಿಯಿಲ್ಲ, 60 ಫ್ರೇಮ್ ಓಡಿಸಾಕ ಹೋದ್ರ ತಡವರಸ್ತದ.

ಯುಎಸ್‌ಬಿ-ಸಿ ಐತಿ ಅಂದ ಕೂಡ್ಲೆ ಅದರಾಗ ವಿಡಿಯೋ ಬರ್ತದಂತ ತಿಳ್ಕೋಬ್ಯಾಡ್ರಿ. ಡಿಸ್‌ಪ್ಲೇಪೋರ್ಟ್ ಸಿಗ್ನಲ್ ಇರಬೇಕು. ಇದ್ರೂ ಅದು ಯಾವ ಗ್ರಾಫಿಕ್ಸ್‌ಗೆ ಕೂಡೇತಿ ನೋಡ್ರಿ. ಒಂದು ಮಾನಿಟರ್ ಹಚ್ಚಿ, ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ್ಯಾಗ ‘ಕಾನ್ಫಿಗರ್ ಸರೌಂಡ್, ಫಿಸ್‌ಎಕ್ಸ್’ ತೆಗೀರಿ. ಯಾವ ಪೋರ್ಟ್ ಎನ್‌ವಿಡಿಯಾದ್ದು, ಯಾವುದು ಒಳಗಿನ ಗ್ರಾಫಿಕ್ಸ್‌ದು ಅಂತ ಚಿತ್ರ ಬರೆದು ತೋರಸ್ತದ. ಎಚ್‌ಡಿಎಂಐ ಒಂದರದ್ದು, ಯುಎಸ್‌ಬಿ-ಸಿ ಇನ್ನೊಂದರದ್ದು ಆದ್ರ ಪ್ರತಿ ಫ್ರೇಮ್ ಆ ಕಡೆಯಿಂದ ಈ ಕಡೆ ನಕಲಾಗಬೇಕು, ಫ್ರೇಮ್ ಬಿಡಾಕ ಸುರು ಮಾಡ್ತದ.

ಅದು ಸರಿ ಇತ್ತಂದ್ರ ಡೇಟಾಪಾತ್ ಎಫ್‌ಎಕ್ಸ್4 ಅನ್ನೋ ಚಿತ್ರ ಹಂಚೋ ಡಬ್ಬಿ ಬಾಡಿಗಿ ತರ್ರಿ. ಒಂದು ಡಿಸ್‌ಪ್ಲೇಪೋರ್ಟ್ ಒಳಗ, ನಾಲ್ಕು ಔಟ್‌ಪುಟ್ ಹೊರಗ. ಇಡಿಐಡಿ (ಪರದಿ ತನ್ನ ಅಳತಿ ಲ್ಯಾಪ್‌ಟಾಪ್‌ಗೆ ಹೇಳೋ ಮಾಹಿತಿ) 3840 × 1080, 60 ಹರ್ಟ್ಸ್ ಇಡ್ರಿ. ವಿಂಡೋಸ್‌ಗೆ ಒಂದೇ ಅಗಲ ಮಾನಿಟರ್ ಕಾಣ್ತದ, ಎಡಭಾಗ ಒಂದು ಪ್ರೊಜೆಕ್ಟರ್‌ಗೆ, ಬಲಭಾಗ ಇನ್ನೊಂದಕ್ಕ. ಪೂರ್ತಿ 4ಕೆ ಕಳಸ್ತೀನಿ ಅಂದ್ರ ಅಗ್ಗದ ಹಬ್ ನಡುವ ಇರಬಾರದು. ಯುಎಸ್‌ಬಿ 3 ಪೋರ್ಟ್ ಇರೋ ಹಬ್ ವಿಡಿಯೋಕ್ಕ ಎರಡೇ ಲೇನ್ (ಡೇಟಾ ದಾರಿ) ಬಿಟ್ಟುಕೊಡ್ತದ, ಅದಕ್ಕ ಭಾಳ ಸಲ 4ಕೆ 30 ಹರ್ಟ್ಸ್‌ಗೆ ಇಳೀತದ.

ಬ್ಲೆಂಡ್ 20% ಇಟ್ರ 384 ಪಿಕ್ಸೆಲ್ ಎರಡೂ ಕಡೆ ಬರ್ತಾವ, ನೆಲದ ನಿಜವಾದ ಕ್ಯಾನ್‌ವಾಸ್ 3456 × 1080. ಎಫ್‌ಎಕ್ಸ್4 ಕನ್ಸೋಲ್ ಹತ್ರ ಇದ್ರ ಪ್ರೊಜೆಕ್ಟರ್‌ತನಕ ಎಸ್‌ಡಿಐ ಅಥವಾ ಎಚ್‌ಡಿಬೇಸ್‌ಟಿ ಎಳೀರಿ, ಎರಡೂ ದೂರಕ್ಕ ವಿಡಿಯೋ ಒಯ್ಯೋವು. ಆಪ್ಟಿಕಲ್ ಎಚ್‌ಡಿಎಂಐ ಎಳೆದ್ರ ತುದಿ ನೋಡಿ ಎಳೀರಿ, ಅದಕ್ಕ ದಿಕ್ಕು ಅದ. ಟ್ರಸ್‌ಗೆ ಟೈ ಹೊಡೆದ ಮ್ಯಾಲೆ ಉಲ್ಟಾ ಅಂತ ಗೊತ್ತಾದ್ರ ಎಲ್ಲಾ ಬಿಚ್ಚಬೇಕು.

ಪರದೆಹಿಂದೆ:

ಹಾರ್ಡ್‌ವೇರ್ ಆಯಿತು. ಷೋ ಕೆಡುವುದು ಹೆಚ್ಚಾಗಿ ಸೆಟ್ಟಿಂಗ್‌ಗಳಲ್ಲಿ.

ಲ್ಯಾಪ್‌ಟಾಪ್‌ನ ಸ್ವಂತ ಪರದೆ 144 ಹರ್ಟ್ಸ್ ಇದ್ದರೆ ಅದನ್ನೂ 60ಕ್ಕೆ ಇಳಿಸಿ. ರಿಫ್ರೆಶ್ ಬೇರೆ ಬೇರೆ ಇದ್ದರೆ ಓಡುವ ಚಿತ್ರ ಕುಲುಕುತ್ತದೆ. ಎಲ್ಲ ಡಿಸ್‌ಪ್ಲೇಗೂ ಸ್ಕೇಲ್ 100%. ಎನ್‌ವಿಡಿಯಾದಲ್ಲಿ ಆರ್‌ಜಿಬಿ, ಡೈನಾಮಿಕ್ ರೇಂಜ್ ಫುಲ್. ಲಿಮಿಟೆಡ್ ಆಗಿಬಿಟ್ಟಿದ್ದರೆ ಎಲ್‌ಇಡಿಯಲ್ಲಿ ಕಪ್ಪು ಬೂದಿಯಾಗಿ ಕಾಣುತ್ತದೆ.

ಕೇಬಲ್ ಒಂದು ಕ್ಷಣ ಸಡಿಲವಾದರೂ ವಿಂಡೋಸ್ ಡಿಸ್‌ಪ್ಲೇಗಳನ್ನು ಮರುಜೋಡಿಸಿ, ನೆಲದ ಚಿತ್ರವನ್ನು ವಾಲ್‌ಗೆ ಕಳಿಸಬಹುದು. ಎಚ್‌ಡಿಎಂಐ ಬಾಯಿಗೆ ಇಡಿಐಡಿ ಎಮ್ಯುಲೇಟರ್ ಹಾಕಿ, ಆ ಕಡೆ ಏನೇ ಕಳಚಿದರೂ ಲ್ಯಾಪ್‌ಟಾಪ್‌ಗೆ ಮಾನಿಟರ್ ಇದೆ ಅಂತಲೇ ಅನಿಸುತ್ತದೆ.

ಅರೀನಾದಲ್ಲಿ ಕಾಂಪೊಸಿಷನ್ (ಇಡೀ ಕ್ಯಾನ್‌ವಾಸ್) 3456 × 1848 ಇಡಿ: ಮೇಲಿನ 1080 ಸಾಲು ನೆಲಕ್ಕೆ, ಕೆಳಗಿನ 768 ಸಾಲು ವಾಲ್‌ಗಳಿಗೆ. ಅಡ್ವಾನ್ಸ್‌ಡ್ ಔಟ್‌ಪುಟ್‌ನಲ್ಲಿ ಎರಡು ಸ್ಕ್ರೀನ್: ಒಂದರಲ್ಲಿ ವಾಲ್‌ಗಳಿಗೆ ಮೂರು ಸ್ಲೈಸ್ (ಚಿತ್ರದ ತುಂಡು), ಇನ್ನೊಂದರಲ್ಲಿ ಸಾಫ್ಟ್ ಎಡ್ಜ್ (ಬ್ಲೆಂಡ್ ಸೆಟ್ಟಿಂಗ್) ಸಮೇತ ಎರಡು. ರೆಸೊಲ್ಯೂಮ್‌ನದೇ ಚಿಕ್ಕ ಆವೃತ್ತಿ ಅವೆನ್ಯೂ ಇದ್ದರೆ ಇದು ಆಗಲ್ಲ, ಸ್ಲೈಸ್, ಬ್ಲೆಂಡ್ ಎರಡೂ ಅರೀನಾದ್ದು. ಕ್ಲಿಪ್ ಎಲ್ಲ ರೆಸೊಲ್ಯೂಮ್‌ನ ಸ್ವಂತ ವಿಡಿಯೋ ಫಾರ್ಮ್ಯಾಟ್ ಡಿಎಕ್ಸ್‌ವಿಗೆ ಬದಲಿಸಿ, ಎಚ್.264 ಫೈಲ್‌ಗಳನ್ನು ನಾಲ್ಕೈದು ಲೇಯರ್ ಒಟ್ಟಿಗೆ ಓಡಿಸಿದರೆ ಸಿಪಿಯು ಏದುಸಿರು ಬಿಡುತ್ತದೆ.

ಪ್ರೊಸೆಸರ್, ಪ್ರೊಜೆಕ್ಟರ್ ಎರಡೂ ಒಂದೆರಡು ಫ್ರೇಮ್ ತಡ ಮಾಡುತ್ತವೆ, ಆದರೆ ಸಮನಾಗಿ ಅಲ್ಲ. ಎಲ್ಲದಕ್ಕೂ ಬಿಳಿ ಫ್ಲ್ಯಾಶ್ ಕಳಿಸಿ, ಫೋನ್‌ನ ಸ್ಲೋ ಮೋಷನ್‌ನಲ್ಲಿ ಹಿಡಿದು, ಮುಂದೆ ಬಂದಿದ್ದಕ್ಕೆ ಅರೀನಾದ ಸ್ಕ್ರೀನ್ ಡಿಲೇ ಕೊಡಿ.

ಇನ್ನೊಂದು. ಎಲ್‌ಇಡಿ ಬೆಳಕು ನೆಲದ ಚಿತ್ರವನ್ನು ತೊಳೆದುಹಾಕುತ್ತದೆ. ಪ್ರೊಸೆಸರ್‌ನಲ್ಲಿ ಬ್ರೈಟ್‌ನೆಸ್ 20%ರ ಆಸುಪಾಸಿನಿಂದ ಶುರುಮಾಡಿ. ತೀರಾ ಇಳಿಸಿದರೆ ಗಾಢ ಬಣ್ಣಗಳಲ್ಲಿ ಪಟ್ಟೆ ಬೀಳುತ್ತವೆ. ನನ್ನನ್ನು ಕೇಳಿದರೆ, ನೆಲ ಮುಖ್ಯವಾದ ದೃಶ್ಯಗಳಲ್ಲಿ ವಾಲ್‌ಗೆ ಕಪ್ಪು ಕೊಡುವುದೇ ವಾಸಿ.

ಕತ್ತಲೆಕೋಣೆ:

ಎಲ್ಲರಿಗೂ ಧನ್ಯವಾದ. ಪೋರ್ಟ್ ಎರಡೂ ಎನ್‌ವಿಡಿಯಾದ್ದೇ. ಎಫ್‌ಎಕ್ಸ್4 ಸಿಗದಿದ್ದರೆ ಡಿಸ್‌ಪ್ಲೇಪೋರ್ಟ್ ಎಂಎಸ್‌ಟಿ ಹಬ್ (ಒಂದೇ ಪೋರ್ಟ್‌ನಿಂದ ಹಲವು ಮಾನಿಟರ್ ಕೊಡುವುದು) ಸಾಕಾ? ಬ್ಯಾಕಪ್‌ಗೆ ಎಂ1 ಪ್ರೊ ಮ್ಯಾಕ್‌ಬುಕ್ ಇದೆ.

ಧಾರವಾಡದ_ತಂತಿ:

ಹಬ್ ನಡೀತದ, ಆದ್ರ ವಿಂಡೋಸ್‌ಗೆ ಎರಡು ಬ್ಯಾರೆ ಮಾನಿಟರ್ ಆಗ್ತಾವ. ಎರಡೂ ಒಂದೇ ಕ್ಷಣಕ್ಕ ಫ್ರೇಮ್ ಬದಲಿಸ್ತಾವ ಅನ್ನೋ ಖಾತ್ರಿ ಇಲ್ಲ. ಅಡ್ಡ ಓಡೋ ಗೆರಿ ಬ್ಲೆಂಡ್ ದಾಟೂವಾಗ ಮುರಿದಂಗ ಕಾಣಬಹುದು. ನಿಧಾನದ ಟೆಕ್ಸ್‌ಚರ್, ನೀರು, ಹೊಗಿ ಇಂಥಾವಿದ್ರ ಯಾರಿಗೂ ತಿಳಿಯಂಗಿಲ್ಲ.

ಮ್ಯಾಕ್‌ಗೆ ಆ ಹಬ್ ಉಪಯೋಗಿಲ್ಲ. ಮ್ಯಾಕ್‌ಓಎಸ್ ಎಂಎಸ್‌ಟಿ ಮ್ಯಾಲೆ ಡೆಸ್ಕ್‌ಟಾಪ್ ಹಿಗ್ಗಿಸಂಗಿಲ್ಲ, ಎರಡರಾಗೂ ಒಂದೇ ಚಿತ್ರ ಬರ್ತದ. ಎಂ1 ಪ್ರೊಗೆ ಹೊರಗಿನ ಡಿಸ್‌ಪ್ಲೇ ಎರಡೇ, ಒಂದು ಎಲ್‌ಇಡಿಗೆ ಹೋದ್ರ ಉಳಿಯೋದು ಒಂದು. ಎಫ್‌ಎಕ್ಸ್4 ಇಲ್ಲದಿದ್ರ ಬ್ಯಾಕಪ್‌ನ್ಯಾಗ ಒಂದೇ ಪ್ರೊಜೆಕ್ಟರ್ ಅಂತ ಇಟ್ಕೊಂಡು, ಬ್ಲೆಂಡ್ ಇಲ್ಲದ ಪ್ರೀಸೆಟ್ ಈಗಲೇ ಮಾಡಿ ಸೇವ್ ಮಾಡ್ರಿ.