ಸಹಾಯ ಬೇಕು: ಜರ್ಮನ್ ಕ್ಲಾಸಿನ ಹಬ್ಬಕ್ಕೆ ಗೂಡುದೀಪ ಕಲಿಸುವವರು

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ಜರ್ಮನ್ ಕಲಿಸುತ್ತೇನೆ. ಈಗಿನ ಬ್ಯಾಚಿನಲ್ಲಿ 22 ಜನ. ಜಾಸ್ತಿಯವರು ನರ್ಸಿಂಗ್ ಮುಗಿಸಿ ಜರ್ಮನಿಗೆ ಹೊರಟವರು. ನವೆಂಬರ್ 11ಕ್ಕೆ ಅವರಿಗಾಗಿ ಸಂತ ಮಾರ್ಟಿನ್ ಹಬ್ಬ ಮಾಡಬೇಕು ಅಂತಿದ್ದೇನೆ.

ಅಲ್ಲಿ ಆ ಸಂಜೆ ಮಕ್ಕಳು ತಾವೇ ಮಾಡಿದ ಕಾಗದದ ದೀಪಗಳನ್ನು ಕೋಲಿಗೆ ನೇತುಹಾಕಿಕೊಂಡು, ಹಾಡುತ್ತಾ ಬೀದಿಯಲ್ಲಿ ಸಾಗುತ್ತಾರೆ. ಎಷ್ಟೋ ಊರುಗಳಲ್ಲಿ ಮುಂದೆ ಕುದುರೆ ಮೇಲೆ ಮಾರ್ಟಿನ್ ವೇಷದವರು ಇರುತ್ತಾರೆ. ಚಳಿಗೆ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನೇ ಕತ್ತಿಯಿಂದ ಸೀಳಿ ಅರ್ಧ ಕೊಟ್ಟ ರೋಮನ್ ಸೈನಿಕ ಅವನು. ಕಥೆ ಕೇಳಿದ ಒಬ್ಬಳು, "ಮೇಡಂ, ನಮ್ಮ ಗೂಡುದೀಪದ ಹಾಗೇ ಅಲ್ವಾ?" ಅಂದಳು. ಆಗಲೇ ತೀರ್ಮಾನ ಮಾಡಿದೆ, ದೀಪ ನಮ್ಮ ರೀತಿಯಲ್ಲೇ ಇರಲಿ.

ಬಿದಿರಿನ ಕಡ್ಡಿ ಕಟ್ಟಿ ಬಣ್ಣದ ಕಾಗದ ಅಂಟಿಸಲು ಚೆನ್ನಾಗಿ ಬರುವವರು ಒಂದು ಮಧ್ಯಾಹ್ನ ಬಂದು ಕಲಿಸಿಕೊಡುತ್ತೀರಾ? ನಾನು ಮಾಡಿ ನೋಡಿದ್ದರಲ್ಲಿ ಅಂಟು ಒಣಗುವಾಗ ಮೂಲೆಯ ಕಾಗದ ಸುಕ್ಕಾಗಿ ಹರಿಯುತ್ತಿದೆ.

ಇನ್ನೊಂದು, ವೆಕ್‌ಮನ್. ರೈನ್ ನದಿಯ ಕಡೆ ಈ ಹಬ್ಬಕ್ಕೆ ತಿನ್ನುವ ಸಿಹಿ ಬನ್ನು. ಮನುಷ್ಯನ ಆಕಾರ, ಒಣದ್ರಾಕ್ಷಿಯ ಕಣ್ಣು. ಮೊಟ್ಟೆ ಹಾಕದೆ 25 ಮಾಡಿಕೊಡುವ ಬೇಕರಿ ಗೊತ್ತಿದ್ದರೆ ಹೇಳಿ. ನಮ್ಮ ಮಾಮೂಲಿ ಸಿಹಿ ಬನ್ನಿನ ಹಿಟ್ಟಾದರೂ ಸಾಕು.

ಕೊಲೋನ್, ಬಾನ್ ಕಡೆ ಇದ್ದು ಬಂದವರಿದ್ದರೆ ದಯವಿಟ್ಟು ಬಂದು ಹತ್ತು ನಿಮಿಷ ಮಾತಾಡಿ. ನವೆಂಬರಿನಲ್ಲಿ ಅಲ್ಲಿ ಸಂಜೆ ಐದಕ್ಕೇ ಕತ್ತಲು. ಮೊದಲ ಸಲ ಮನೆ ಬಿಟ್ಟು ಹೋಗುವ ಈ ಮಕ್ಕಳಿಗೆ ಆ ದಿನಗಳನ್ನು ಕಂಡವರ ಮಾತೇ ಧೈರ್ಯ. ಸಾಮಾನಿನ ಖರ್ಚು ನನ್ನದು.